‘ಅಲ್ಲಿ ಎಲ್ಲಾ ನಡೆಯುತ್ತೆ’: ವಿದೇಶ ಪ್ರವಾಸ, ಗಾಂಜಾ ಮತ್ತು ನಮ್ಮ ಸಬೂಬುಗಳು – ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ, ಮಳೆಗಾಲ ಹಿಡಿಯುವ ಮೊದಲು ಕೊಡಗಿನಿಂದ ಬ್ಯಾಂಕಾಕ್, ಪಟ್ಟಾಯ, ಬಾಲಿ ಕಡೆಗೆ ಗುಂಪು ಗುಂಪಾಗಿ ಹೊರಡುತ್ತಾರೆ. ಓದಲೆಂದು ಕೆನಡಾ, ಜರ್ಮನಿಗೆ ಹೋಗುವ ಮಕ್ಕಳು ಬೇರೆ. ಇವರು, ಇವರ ಮನೆಯವರು ಮತ್ತು ಹೋಂಸ್ಟೇ ನಡೆಸುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಇಳಿದಿಲ್ಲ. ಸೇದುವ ಮುಂಚೆ ಮನಸ್ಸಿಗೆ ಹೇಳಿಕೊಳ್ಳುವ ಮಾತುಗಳಲ್ಲಿ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಸುಳ್ಳು ಎಂಬುದನ್ನು ಬಿಡಿಸಿ ನೋಡಿದ್ದೇವೆ. ಈ ಸಬೂಬುಗಳಲ್ಲಿ ಹೆಚ್ಚಿನವು ಅರ್ಧ ನಿಜ. ಮೋಸ ಹೋಗುವುದು ಆ ಅರ್ಧದಿಂದಲೇ.

ಊರಲ್ಲಿ ಬೀಡಿಯನ್ನೂ ಮುಟ್ಟದವರು ವಿಮಾನ ಇಳಿದ ಕೂಡಲೇ ಗಾಂಜಾಕ್ಕೆ ಕೈ ಹಾಕುವುದು ಯಾಕೆ?

ಮೊದಲ ಕಾರಣ, ನೋಡುವ ಕಣ್ಣುಗಳಿಲ್ಲ. ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಪೇಟೆ ಬೀದಿಯಲ್ಲಿ ನಿಂತರೆ ಯಾರ ಮಗ, ಯಾವ ಒಕ್ಕ (ಮನೆತನ), ಯಾವ ತೋಟ ಎಂದು ಹತ್ತು ಜನಕ್ಕೆ ಗೊತ್ತು. ಬ್ಯಾಂಕಾಕಿನ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡನೆಯದು, ರಜೆಯ ದಿನಗಳನ್ನು ನಾವು ಬೇರೆಯದೇ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಅಲ್ಲಿ ಮಾಡಿದ್ದು ನಮ್ಮ ನಿಜವಾದ ಬದುಕಿಗೆ ಸೇರಿದ್ದಲ್ಲ ಅನಿಸುತ್ತದೆ. ಮೂರನೆಯದು ಅಂಗಡಿಯ ನೋಟ. ದೀಪ, ಬೋರ್ಡು, ದರಪಟ್ಟಿ, ಕಾರ್ಡು ಉಜ್ಜುವ ಯಂತ್ರ ಎಲ್ಲಾ ಇದ್ದಾಗ ಸೊಪ್ಪು ಮಾರುವವನ ಹಿಂದೆ ಕತ್ತಲಲ್ಲಿ ಹೋಗುವ ಭಯ ಇರುವುದಿಲ್ಲ. ಬೋರ್ಡು ಕೊಟ್ಟ ಧೈರ್ಯವನ್ನು ಕಾನೂನು ಕೊಟ್ಟ ಅನುಮತಿ ಎಂದು ತಿಳಿದುಕೊಳ್ಳುತ್ತೇವೆ.

ಜನ ಕೊಡುವ ಸಬೂಬುಗಳು ಎಲ್ಲಾ ಕಡೆ ಒಂದೇ ತರಹ ಇರುತ್ತವಾ?

ಬಹುಮಟ್ಟಿಗೆ ಹೌದು. ತಪ್ಪೆಂದು ಗೊತ್ತಿದ್ದೂ ಮಾಡುವಾಗ ಮನಸ್ಸು ಹೇಗೆ ಸಮಾಧಾನ ಹೇಳಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಅವರು ನೋಡಿದ್ದು ದಾರಿತಪ್ಪಿದ ಹುಡುಗರನ್ನು. ಆದರೆ ಪ್ರವಾಸಿಗರ ಮಾತಿಗೂ ಅದು ಚೆನ್ನಾಗಿ ಹೊಂದುತ್ತದೆ.

‘ಗುಂಪಲ್ಲಿ ಎಲ್ಲರೂ ಸೇದಿದರು, ನಾನೊಬ್ಬ ಬಿಟ್ಟರೆ ಹೇಗೆ’ ಎನ್ನುವುದು ಹೊಣೆಯನ್ನು ಬೇರೆಯವರ ತಲೆಗೆ ಹಾಕುವುದು. ‘ಯಾರಿಗೇನು ನಷ್ಟ?’ ಎನ್ನುವುದು ಹಾನಿಯೇ ಇಲ್ಲವೆನ್ನುವುದು. ‘ಗೆಳೆಯನ ಮದುವೆಗೆ ಮೊದಲಿನ ಕೊನೇ ಟ್ರಿಪ್ಪು, ಅವನಿಗೋಸ್ಕರ’ ಎನ್ನುವುದು ನಿಯಮಕ್ಕಿಂತ ಗೆಳೆತನ ದೊಡ್ಡದೆನ್ನುವುದು. ‘ನಷ್ಟ ಅನುಭವಿಸಿದವನು ಅದಕ್ಕೆ ಅರ್ಹನೇ’ ಎನ್ನುವ ಇನ್ನೊಂದು ಬಗೆ ಜಗಳ, ಕಳ್ಳತನಗಳಿಗೆ ಸರಿ. ಗಾಂಜಾ ವಿಷಯದಲ್ಲಿ ಕೇಳಿಬರುವುದು ಕಡಿಮೆ.

ಉಳಿದ ಒಂದು ಕೊಡಗಿನಲ್ಲಿ ಬಲು ಜೋರು: ‘ಕುಡಿಯುವವರು ನಮಗೆ ಬುದ್ಧಿ ಹೇಳುತ್ತಾರಾ?’ ದೂರುವವರನ್ನೇ ದೂರುವ ಬಗೆ ಇದು. ಮದುವೆ, ಹಬ್ಬ, ತಿಥಿಗೂ ಬಾಟಲಿ ಇರುವ ಮನೆಯಲ್ಲಿ ಮಗ ಹೀಗೆ ಕೇಳಿದರೆ ಹಿರಿಯರಿಗೆ ಉತ್ತರ ಹೊಳೆಯುವುದಿಲ್ಲ. ಮದ್ಯದಿಂದ ನಮ್ಮ ಮನೆಗಳಿಗೆ ಆಗಿರುವ ನಷ್ಟವನ್ನು ಯಾರೂ ಅಲ್ಲಗಳೆಯಲಾರರು. ಅದನ್ನು ಒಪ್ಪಿಕೊಂಡೇ ಮಾತಾಡಿ, ಇಲ್ಲವಾದರೆ ಮಾತು ಮುಂದೆ ಹೋಗುವುದಿಲ್ಲ. ಆದರೆ ಅಪ್ಪ ಕುಡಿಯುತ್ತಾರೆ ಎಂಬುದು ಬಾಲಿಯ ಡೆನ್ಪಸಾರ್ ವಿಮಾನ ನಿಲ್ದಾಣದ ಅಧಿಕಾರಿಗೆ ಉತ್ತರವಾಗದು.

ಪ್ರವಾಸಿಗರು ತಮ್ಮದೇ ಇನ್ನೊಂದನ್ನು ಸೇರಿಸುತ್ತಾರೆ: ‘ಇಲ್ಲಿಗೆ ಬಂದ ಮೇಲೆ ಇಲ್ಲಿನ ಹಾಗೆ ಇರಬೇಕು.’ ನಿಜ ಸಂಗತಿ ಏನೆಂದರೆ, ಆಮ್‌ಸ್ಟರ್‌ಡ್ಯಾಮ್ ನಗರವೇ ಹೊಗೆಗೆಂದು ಬರುವ ಪ್ರವಾಸಿಗರಿಂದ ಬೇಸತ್ತು, 2023ರ ಮೇ 25ರಿಂದ ಕೆಂಪುದೀಪದ ಹಳೇ ಬೀದಿಗಳಲ್ಲಿ ಗಾಂಜಾ ಸೇದುವುದನ್ನು ನಿಷೇಧಿಸಿ 100 ಯೂರೋ ದಂಡ ಇಟ್ಟಿತು.

ಥಾಯ್ಲೆಂಡಿನಲ್ಲಿ ಕಾನೂನುಬದ್ಧ ಅಲ್ಲವಾ?

ಈ ಮಾತು ಹಳತಾಗಿದೆ. 2022ರ ಜೂನ್ 9ರಂದು ಥಾಯ್ಲೆಂಡ್ ಗಾಂಜಾ ಗಿಡವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು, ಸಾವಿರಾರು ಅಂಗಡಿಗಳು ಎದ್ದವು. 2025ರ ಜೂನ್ ಕೊನೆಯಿಂದ ಗಾಂಜಾ ಹೂವನ್ನು ಅಲ್ಲಿನ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಇದ್ದರೂ ಒಮ್ಮೆಗೆ 30 ದಿನಕ್ಕೆ ಬೇಕಾದಷ್ಟೇ. ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) 0.2 ಶೇಕಡಾಕ್ಕಿಂತ ಹೆಚ್ಚಿರುವ ಸಾರ ಮೊದಲೂ ಮಾದಕವಸ್ತುವೇ, ಈಗಲೂ ಹಾಗೆಯೇ. ರಸ್ತೆ, ಕಡಲತೀರದಲ್ಲಿ ಸೇದಿ ಹೊಗೆಯಿಂದ ಬೇರೆಯವರಿಗೆ ತೊಂದರೆ ಕೊಟ್ಟರೆ 25,000 ಬಾತ್‌ವರೆಗೆ ದಂಡ, 3 ತಿಂಗಳವರೆಗೆ ಜೈಲು ಆಗಬಹುದು. ಮೂರು ವರ್ಷದ ಹಿಂದೆ ಹೋಗಿಬಂದ ಗೆಳೆಯನ ಮಾತನ್ನು ಇವತ್ತಿನ ಕಾನೂನು ಎಂದು ನಂಬಬೇಡಿ. ಅಂಗಡಿ ತೆರೆದಿದೆ ಎಂಬುದೂ ಪುರಾವೆಯಲ್ಲ. ಚೀಟಿ ಕೇಳದೆ ಮಾರುವ ಅಂಗಡಿಯೇ ತಪ್ಪು ಮಾಡುತ್ತಿರುತ್ತದೆ.

ಆಮ್‌ಸ್ಟರ್‌ಡ್ಯಾಮ್, ಜರ್ಮನಿ, ಕೆನಡಾದಲ್ಲಿ?

ನೆದರ್ಲೆಂಡ್ಸ್‌ನಲ್ಲಿ ಗಾಂಜಾ ಕಾನೂನುಬದ್ಧವಲ್ಲ, ಸಹಿಸಿಕೊಂಡಿದ್ದಾರೆ ಅಷ್ಟೆ. ಪರವಾನಗಿ ಇರುವ ‘ಕಾಫಿಶಾಪ್’ 18 ದಾಟಿದವರಿಗೆ ದಿನಕ್ಕೆ 5 ಗ್ರಾಂವರೆಗೆ ಮಾರಿದರೆ ಕೇಸು ಹಾಕುವುದಿಲ್ಲ. (ಕಾಫಿ ನಾಡಿನವರಿಗೆ ಒಂದು ಮಾತು: ಅಲ್ಲಿ ಬರೀ ಕಾಫಿ ಬೇಕಿದ್ದರೆ ‘ಕೆಫೆ’ ಎಂದಿರುವ ಕಡೆ ಹೋಗಿ.) ಮಾಸ್ಟ್ರಿಕ್ಟ್‌ನಂತಹ ಗಡಿ ಊರುಗಳಲ್ಲಿ ದೇಶದ ನಿವಾಸಿಗಳಿಗೆ ಮಾತ್ರ ಕೊಡುತ್ತಾರೆ.

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂವರೆಗೆ ಜೊತೆಗಿಟ್ಟುಕೊಳ್ಳಬಹುದು. ಆದರೆ ಕೊಳ್ಳಲು ಅಂಗಡಿಯೇ ಇಲ್ಲ. ಗಾಂಜಾ ಬೆಳೆಗಾರರ ಕ್ಲಬ್ಬುಗಳಿಗೆ ಸೇರಲು ಕನಿಷ್ಠ 6 ತಿಂಗಳು ಅಲ್ಲಿ ವಾಸವಿರಬೇಕು. ಹಾಗಾಗಿ ಹತ್ತು ದಿನಕ್ಕೆ ಹೋದವರ ಕೈಯಲ್ಲಿರುವುದು ಹೆಚ್ಚುಕಡಿಮೆ ಕಳ್ಳ ಸಂತೆಯದೇ. ಉರುಗ್ವೆ 2013ರಲ್ಲೇ ಕಾನೂನು ಮಾಡಿದರೂ ಔಷಧಿ ಅಂಗಡಿಯ ಗಾಂಜಾ ನಿವಾಸಿಗಳಿಗಷ್ಟೇ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ನಿಜಕ್ಕೂ ಸಕ್ರಮ. 30 ಗ್ರಾಂ ಒಣ ಗಾಂಜಾ ಮಿತಿ. ವಯಸ್ಸಿನ ಮಿತಿ ಹೆಚ್ಚಿನ ಪ್ರಾಂತ್ಯಗಳಲ್ಲಿ 19, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ಪಿಯುಸಿ ಮುಗಿಸಿ ಹೋದ ಹುಡುಗ ಎಷ್ಟೋ ಕಡೆ ಈ ಮಿತಿಯ ಕೆಳಗೇ ಇರುತ್ತಾನೆ. ಒಂದು ಗ್ರಾಂ ಹಿಡಿದು ಗಡಿ ದಾಟಿದರೂ ಅಲ್ಲಿ ಅಪರಾಧ.

ಅಲ್ಲಿ ಸೇದಿದ್ದಕ್ಕೆ ಇಂಡಿಯಾದಲ್ಲಿ ಏನೂ ಮಾಡಲಾಗದು ಅಲ್ಲವಾ?

ಹೆಚ್ಚಿನವರಿಗೆ ಗೊತ್ತಿಲ್ಲದ ಸಾಲು ನಮ್ಮ ಮಾದಕವಸ್ತು ತಡೆ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಮೊದಲ ಪುಟದಲ್ಲೇ ಇದೆ. 1985ರ ಈ ಕಾಯ್ದೆಯ 1ನೇ ಸೆಕ್ಷನ್ ಪ್ರಕಾರ, ಇದು ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ, ಭಾರತದಲ್ಲಿ ನೋಂದಾಯಿತವಾದ ಹಡಗು-ವಿಮಾನದಲ್ಲಿ ಇರುವ ಎಲ್ಲರಿಗೂ ಅನ್ವಯಿಸುತ್ತದೆ. ರಜೆಯಲ್ಲಿ ಒಂದು ಜಾಯಿಂಟ್ (ಗಾಂಜಾ ಸುತ್ತಿದ ಸಿಗರೇಟು) ಸೇದಿದ್ದಕ್ಕೆ ಮಡಿಕೇರಿಯಲ್ಲಿ ಕೇಸು ಬೀಳುತ್ತದೆಂದು ಹೆದರಿಸುವುದು ನಮ್ಮ ಉದ್ದೇಶವಲ್ಲ. ಹೊರದೇಶದ ಕೃತ್ಯಕ್ಕೆ ವಿಚಾರಣೆ ನಡೆಸಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಸಾಕ್ಷ್ಯ ಬೇಕು. ಆದರೂ ‘ಕಾನೂನು ಇಲ್ಲ’ ಎನ್ನುವುದೇ ಬೇರೆ, ‘ಸಾಮಾನ್ಯವಾಗಿ ಹಿಡಿಯುವುದಿಲ್ಲ’ ಎನ್ನುವುದೇ ಬೇರೆ. ಸೇದುವ ವಿಡಿಯೋ ಹಾಕಿ, ಜೊತೆಗೆ ಪಾರ್ಸೆಲ್ ತರಿಸಿಕೊಂಡವರಿಗೆ ಈ ವ್ಯತ್ಯಾಸ ತಡವಾಗಿ ತಿಳಿಯುತ್ತದೆ.

ಒಂದು ಚೂರು ನೆನಪಿಗೆಂದು ತಂದರೆ? ಬಿಲ್ ಇದೆಯಲ್ಲ?

ವಿರಾಜಪೇಟೆ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಪುದುಚೇರಿಗೆ ಸೇರಿದ ಮಾಹೆಯಲ್ಲಿ ಬಿಲ್ ಸಮೇತ ಕೊಂಡ ಮದ್ಯದ ಬಾಟಲಿ ಮಾಹೆಯೊಳಗೆ ಸಕ್ರಮ. ಅದನ್ನೇ ಡಿಕ್ಕಿಯಲ್ಲಿಟ್ಟು ಕೂಟುಪುಳ ದಾಟಿ ಮಾಕುಟ್ಟ ಚೆಕ್‌ಪೋಸ್ಟಿಗೆ ಬಂದರೆ ಅಬಕಾರಿಯವರು ಬಿಲ್ ನೋಡಿ ಬಿಡುವುದಿಲ್ಲ. ಬಿಲ್ ಹೇಳುವುದು ಎಲ್ಲಿ ಕೊಂಡಿರಿ ಎಂಬುದನ್ನು ಮಾತ್ರ. ಬ್ಯಾಂಕಾಕಿನ ಬಿಲ್ಲೂ ಅಷ್ಟೇ. ಹೊರದೇಶದಿಂದ ತಂದಿದ್ದಕ್ಕೆ ನೀವೇ ಒದಗಿಸಿದ ಸಾಕ್ಷಿ ಅದು.

ಹೊರಗಿನಿಂದ ತರುವುದಕ್ಕೆ ಸೆಕ್ಷನ್ 23. ಗಾಂಜಾ 1 ಕೆಜಿವರೆಗೆ, ಚರಸ್ (ಗಾಂಜಾ ಗಿಡದ ಅಂಟು) 100 ಗ್ರಾಂವರೆಗೆ ‘ಅಲ್ಪ ಪ್ರಮಾಣ’: ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಹೆಚ್ಚಿದ್ದು ವಾಣಿಜ್ಯ ಪ್ರಮಾಣಕ್ಕಿಂತ (ಗಾಂಜಾ 20 ಕೆಜಿ, ಚರಸ್ 1 ಕೆಜಿ) ಕಡಿಮೆ ಇದ್ದರೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ಜಾಮೀನೂ ಬಹಳ ಕಷ್ಟ. ಕಸ್ಟಮ್ಸ್ ಕಾಯ್ದೆ ಬೇರೆ. ಥಾಯ್ಲೆಂಡಿನಿಂದ ಬರುವ ‘ಹೈಡ್ರೋ ಗಾಂಜಾ’ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿರುವುದರಿಂದ ಬ್ಯಾಂಕಾಕ್ ವಿಮಾನದ ಚೀಲಗಳ ಮೇಲೆ ವಿಶೇಷ ಕಣ್ಣಿದೆ. ಗಾಳಿ ತೆಗೆದ ಪೊಟ್ಟಣ, ಕಾಫಿಪುಡಿಯಲ್ಲಿ ಹೂತಿಟ್ಟಿದ್ದು ಯಾವುದೂ ನಾಯಿಯ ಮೂಗಿಗೆ ಅಡ್ಡಿಯಲ್ಲ.

ಗಾಂಜಾ ಬೆರೆಸಿದ ಗಮ್ಮಿ (ಜೆಲ್ಲಿ ಮಿಠಾಯಿ), ಚಾಕೊಲೇಟ್ ಇನ್ನೂ ಮೋಸ. ಒಂದು ಗಮ್ಮಿಯಲ್ಲಿ ಟಿಎಚ್‌ಸಿ 5 ಮಿಲಿಗ್ರಾಂ ಇರಬಹುದು, ಗಮ್ಮಿಯ ತೂಕ 4 ಗ್ರಾಂ. ಮಿಶ್ರಣವಿದ್ದಾಗ ಮಾದಕವಸ್ತುವನ್ನು ಮಾತ್ರ ಲೆಕ್ಕ ಹಿಡಿಯದೆ ಪೂರ್ತಿ ತೂಕವನ್ನೇ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಕ್ಕರೆಯೂ ತಕ್ಕಡಿಗೆ ಬರುತ್ತದೆ.

ಬೇರೆಯವರ ಪೊಟ್ಟಣ ತರುವುದರಲ್ಲಿ ತಪ್ಪೇನು? ಟಿಕೆಟ್ಟು, ಹೋಟೆಲು ಅವರೇ ಕೊಡುತ್ತಾರಂತೆ.

ಇದೊಂದು ಪ್ರಶ್ನೆಗೆ ಒಂದೇ ಉತ್ತರ: ಬೇಡ. ಪುಕ್ಕಟೆ ಬ್ಯಾಂಕಾಕ್ ಪ್ರವಾಸ, ಬರುವಾಗ ‘ಸ್ವಲ್ಪ ತಿಂಡಿ ಸಾಮಾನು’ ಎಂಬ ಕರಾರು, ಕೈಗೆ 20-30 ಸಾವಿರ – ಕೆಲಸವಿಲ್ಲದ ಹುಡುಗರನ್ನು ಬಳಸಿಕೊಳ್ಳುವ ರೀತಿ ಇದು. ಇಲ್ಲಿ ಸಬೂಬು ‘ಒಳಗೆ ಏನಿತ್ತೋ ಗೊತ್ತಿರಲಿಲ್ಲ’ ಎಂಬುದು. ಸಾಮಾನ್ಯ ಅಪರಾಧದಲ್ಲಿ ಪೊಲೀಸರೇ ಎಲ್ಲವನ್ನೂ ಸಾಬೀತು ಮಾಡಬೇಕು. ಎನ್‌ಡಿಪಿಎಸ್‌ನ 35 ಮತ್ತು 54ನೇ ಸೆಕ್ಷನ್‌ಗಳಲ್ಲಿ, ವಸ್ತು ನಿಮ್ಮ ವಶದಲ್ಲಿತ್ತು ಎಂದು ತೋರಿಸಿದ ಮೇಲೆ ‘ಗೊತ್ತಿರಲಿಲ್ಲ’ ಎಂಬುದನ್ನು ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಮಾಲು ಕಳಿಸಿದವನ ನಂಬರು ಅಷ್ಟು ಹೊತ್ತಿಗೆ ಸ್ವಿಚ್ ಆಫ್.

ಗುಂಪಿನಲ್ಲಿ ಹೋದಾಗ ಚೀಲವನ್ನು ನೀವೇ ತುಂಬಿಸಿ, ನೀವೇ ಬೀಗ ಹಾಕಿ, ಚೆಕ್-ಇನ್ ಮುಂಚೆ ತೆರೆದಿಟ್ಟು ಫೋಟೋ ತೆಗೆದುಕೊಳ್ಳಿ. ‘ನನ್ನ ಲಗೇಜ್ ತೂಕ ಜಾಸ್ತಿಯಾಯಿತು, ಎರಡು ಕೆಜಿ ನಿನ್ನದರಲ್ಲಿ ಹಾಕು’ ಎಂದರೆ ಹೆಚ್ಚುವರಿ ತೂಕದ ಶುಲ್ಕ ಕಟ್ಟಲು ಹೇಳಿ. ಹಿಂದಿನ ಪ್ರವಾಸದಲ್ಲಿ ಬಳಸಿದ ಚೀಲದ ಮೂಲೆ, ಜಾಕೆಟ್ ಜೇಬು, ಗಾಂಜಾ ಪುಡಿ ಮಾಡುವ ಗ್ರೈಂಡರ್ ಇವನ್ನೂ ನೋಡಿಕೊಳ್ಳಿ.

ಸಿಂಗಾಪುರ, ಬಾಲಿ, ದುಬೈ ಮೂಲಕ ಬರುವಾಗ?

ಬ್ಯಾಂಕಾಕಿನಿಂದ ಬಾಲಿಗೋ ಸಿಂಗಾಪುರಕ್ಕೋ ಹಾರುವವರು ಜಗತ್ತಿನ ಒಂದು ತುದಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದಾರೆ. ಸಿಂಗಾಪುರದಲ್ಲಿ 15 ಗ್ರಾಂ ಮೀರಿದರೆ ಮಾರಾಟಕ್ಕೆಂದೇ ಇಟ್ಟುಕೊಂಡಿದ್ದೀರಿ ಎಂದು ಭಾವಿಸುತ್ತಾರೆ. 500 ಗ್ರಾಂ ಮೀರಿದ ಸಾಗಣೆಗೆ ಮರಣದಂಡನೆ. ಇಂಡೋನೇಷ್ಯಾದಲ್ಲಿ ಬರೀ ಇಟ್ಟುಕೊಂಡಿದ್ದಕ್ಕೆ 4ರಿಂದ 12 ವರ್ಷ. ಯುಎಇಯಲ್ಲಿ ಮೂತ್ರ ಪರೀಕ್ಷೆಯೇ ಸೇವನೆಗೆ ಸಾಕ್ಷಿ. ಪ್ರವಾಸದ ಪಟ್ಟಿಯಲ್ಲಿ ಇವುಗಳಲ್ಲಿ ಒಂದಿದ್ದರೂ ‘ಅಲ್ಲಿ ನಡೆಯುತ್ತೆ’ ಎಂಬ ಮಾತನ್ನು ಅಲ್ಲಿಗೇ ಬಿಡಿ.

ನೇಪಾಳದ ಹೆಸರೂ ಕೇಳಿಬರುತ್ತದೆ. ಹಿಪ್ಪಿಗಳ ಕಾಲದ ಕಾಠ್ಮಂಡು ಅಂಗಡಿಗಳ ಪರವಾನಗಿ 1973ರಲ್ಲೇ ರದ್ದಾಯಿತು.

ಅದು ಬರೀ ಗಿಡ. ಶಿವರಾತ್ರಿಗೆ ಭಂಗಿ ಕುಡಿಯುವುದಿಲ್ಲವಾ?

ಗಾಂಜಾ ಎಂದರೆ ಹೂಬಿಟ್ಟ, ಕಾಯಿಬಿಟ್ಟ ತುದಿಗಳು ಎಂದು ಎನ್‌ಡಿಪಿಎಸ್ ಹೇಳುತ್ತದೆ. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಲ್ಲಿಲ್ಲ. ಎಲೆಯಿಂದ ಮಾಡಿದ ಭಾಂಗ್ ಈ ಕಾಯ್ದೆಯಡಿ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಉತ್ತರ ಕರ್ನಾಟಕದ ಕೆಲವು ಶರಣ, ಅವಧೂತ ಪರಂಪರೆಗಳಲ್ಲಿ ಬಳಕೆ ಇರುವುದೂ ನಿಜ. ಹೀಗಾಗಿ ‘ನಮ್ಮಲ್ಲೂ ಇತ್ತು’ ಎನ್ನುವುದು ಸುಳ್ಳಲ್ಲ.

ಆದರೆ ಅಂಗಡಿಯ ಗಾಜಿನ ಡಬ್ಬಿಯಲ್ಲಿರುವುದು ಆ ಎಲೆಯಲ್ಲ. ದೀಪದಡಿ ಬೆಳೆಸಿದ, ಬೀಜವಾಗದ ಹೆಣ್ಣು ಹೂವು ಅದು; ಟಿಎಚ್‌ಸಿ 20 ಶೇಕಡಾ ದಾಟುವುದು ಸಾಮಾನ್ಯ. 1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅದು ಸುಮಾರು 4 ಶೇಕಡಾ ಇತ್ತು. ಗದ್ದೆಗೆ ಹೊಡೆಯುವ ಔಷಧಿಯೂ ಗಿಡದಿಂದ ಬಂದದ್ದಿರುತ್ತದೆ. ಎಷ್ಟು ಲೀಟರ್ ನೀರಿಗೆ ಎಷ್ಟು ಮಿಲಿ ಎಂದು ಕೇಳದೆ ಯಾರೂ ಹೊಡೆಯುವುದಿಲ್ಲ.

ಇನ್ನು ‘ವಿಶ್ವಸಂಸ್ಥೆಯೇ ಒಪ್ಪಿದೆ’ ಎಂಬ ಮಾತು. 2020ರ ಡಿಸೆಂಬರ್ 2ರಂದು 27–25 ಮತಗಳಿಂದ ಗಾಂಜಾವನ್ನು ಮಾದಕವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಠಿಣವಾದ 4ನೇ ಪಟ್ಟಿಯಿಂದ ತೆಗೆದರು, ಭಾರತವೂ ಪರವಾಗಿ ಮತ ಹಾಕಿತು. ಔಷಧೀಯ ಸಂಶೋಧನೆಗೆ ದಾರಿಯಾಗಲೆಂದು. 1ನೇ ಪಟ್ಟಿಯ ನಿಯಂತ್ರಣ ಹಾಗೇ ಉಳಿದಿದೆ.

ಸೇದುವುದಕ್ಕಿಂತ ಗಮ್ಮಿ, ಬ್ರೌನಿ ತಿನ್ನುವುದು ಸುರಕ್ಷಿತವಲ್ಲವಾ?

ಹೊಸಬರು ಆಸ್ಪತ್ರೆ ಸೇರುವುದಕ್ಕೆ ಇದೂ ಒಂದು ಕಾರಣ. ಹೊಗೆ ಕೆಲವೇ ನಿಮಿಷದಲ್ಲಿ ಹತ್ತುತ್ತದೆ, ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಯಕೃತ್ತಿನಲ್ಲಿ ಟಿಎಚ್‌ಸಿ ಇನ್ನೂ ಬಲವಾದ ರೂಪಕ್ಕೆ ತಿರುಗುತ್ತದೆ, ಎಂಟು ಗಂಟೆಯಾದರೂ ಪೂರ್ತಿ ಇಳಿಯದೆ ಇರಬಹುದು. ಮುಕ್ಕಾಲು ಗಂಟೆ ಕಾದು ‘ಏನೂ ಆಗಲಿಲ್ಲ’ ಎಂದು ಇನ್ನೊಂದು ತುಂಡು ತಿನ್ನುತ್ತಾರೆ. ಎರಡೂ ಒಟ್ಟಿಗೆ ಏರುತ್ತವೆ. ಎದೆ ಡವಡವ, ಸಾಯುತ್ತಿದ್ದೇನೆಂಬ ಭಯ, ವಾಂತಿ, ಹೊತ್ತುಗೊತ್ತು ತಿಳಿಯದ ಸ್ಥಿತಿ. ಕೆನಡಾದಲ್ಲಿ ಒಂದು ಪೊಟ್ಟಣಕ್ಕೇ 10 ಮಿಲಿಗ್ರಾಂ ಮಿತಿ ಇಟ್ಟಿರುವುದು ಇದಕ್ಕೇ. ಮನೆಯಲ್ಲಿ ಮಾಡಿದ ಬ್ರೌನಿಯ ಒಂದು ಮೂಲೆಯಲ್ಲಿ ಎಷ್ಟಿದೆ ಎಂದು ಮಾಡಿದವನಿಗೂ ಗೊತ್ತಿರುವುದಿಲ್ಲ.

ಹೀಗಾದವರನ್ನು ಗದ್ದಲದಿಂದ ದೂರ ಕೂರಿಸಿ, ಗುಟುಕು ಗುಟುಕಾಗಿ ನೀರು ಕೊಡಿ, ಒಬ್ಬರನ್ನೇ ಬಿಡಬೇಡಿ. ಮಲಗಿಸುವುದಾದರೆ ಮಗ್ಗುಲಾಗಿ ಮಲಗಿಸಿ. ಮದ್ಯ, ನಿದ್ರೆ ಮಾತ್ರೆ ಬೇಡ. ಎದೆನೋವು, ನಿಲ್ಲದ ವಾಂತಿ, ಕರೆದರೆ ಎಚ್ಚರವಾಗದಿರುವುದು, ಅಥವಾ ತಿಂದದ್ದು ಮಗು – ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆಗೆ ಒಯ್ಯಿರಿ, ತಿಂದದ್ದೇನೆಂದು ವೈದ್ಯರಿಗೆ ನೇರವಾಗಿ ಹೇಳಿ. ಖರ್ಚಿನ ವಿಷಯ: ಪ್ರವಾಸ ವಿಮೆಗಳಲ್ಲಿ ಸಾಮಾನ್ಯವಾಗಿ ಮಾದಕವಸ್ತುವಿನಿಂದಾದದ್ದಕ್ಕೆ ಪರಿಹಾರ ಇರುವುದಿಲ್ಲ. ಪಾಲಿಸಿಯ ಹೊರಗಿಟ್ಟ ಅಂಶಗಳ ಪಟ್ಟಿ ಓದಿ.

ಯುರೋಪಿನಲ್ಲಿ ಜಾಯಿಂಟ್‌ಗೆ ಹೊಗೆಸೊಪ್ಪು ಬೆರೆಸುವುದು ರೂಢಿ, ಅದರ ಹಾನಿಯೂ ಜೊತೆಗೆ ಸೇರುತ್ತದೆ. ಮನೆಯವರಲ್ಲಿ ಮನೋರೋಗದ ಚರಿತ್ರೆ ಇರುವವರಿಗೆ, 25 ದಾಟದವರಿಗೆ ಬಲವಾದ ಗಾಂಜಾದ ಅಪಾಯ ಇತರರಿಗಿಂತ ಹೆಚ್ಚು. ‘ಒಂದೇ ಸಲ’ ಎನ್ನುವಾಗ ಇದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಎಷ್ಟು ದಿನ ಮೈಯಲ್ಲಿ ಉಳಿಯುತ್ತದೆ?

ಅಮಲು ಇಳಿದ ಮೇಲೂ ಅದರ ಅಂಶ ಕೊಬ್ಬಿನಲ್ಲಿ ಉಳಿದು ಮೂತ್ರದಲ್ಲಿ ಹೋಗುತ್ತಿರುತ್ತದೆ. ಒಂದು ಸಲ ಸೇದಿದರೆ ಸುಮಾರು 3 ದಿನ, ಆಗಾಗ ಸೇದುವವರಲ್ಲಿ 10 ದಿನದ ಮೇಲೆ, ದಿನಾ ಸೇದುವವರಲ್ಲಿ ತಿಂಗಳಾದರೂ ಸಿಗಬಹುದು. ನೀರು, ಮಜ್ಜಿಗೆ, ನಿಂಬೆಹಣ್ಣು ಕುಡಿದರೆ ಬೇಗ ಹೋಗದು. ಮರ್ಚೆಂಟ್ ನೇವಿಯಲ್ಲಿರುವವರಿಗೆ, ಗಲ್ಫ್‌ನಲ್ಲಿ ಕೆಲಸಕ್ಕಿರುವವರಿಗೆ ‘ರಜೆಯಲ್ಲಿ ಸೇದಿದ್ದು’ ಎಂದು ಮೂತ್ರ ಪರೀಕ್ಷೆ ರಿಯಾಯಿತಿ ತೋರುವುದಿಲ್ಲ.

ಅಮೆರಿಕದ ವೀಸಾಕ್ಕೆ ತೊಂದರೆಯಾ?

ಆಗಬಹುದು. ಕ್ಯಾಲಿಫೋರ್ನಿಯಾ, ಕೊಲರಾಡೋದಂತಹ ರಾಜ್ಯಗಳು ಬಿಟ್ಟರೂ ಒಕ್ಕೂಟದ ಕಾನೂನಿನಲ್ಲಿ ಗಾಂಜಾ ನಿಷಿದ್ಧ, ವಲಸೆ ನೋಡಿಕೊಳ್ಳುವುದು ಒಕ್ಕೂಟ ಸರ್ಕಾರ. ಶಿಕ್ಷೆಯೇ ಆಗದಿದ್ದರೂ ಬಳಸಿದ್ದೆನೆಂದು ಒಪ್ಪಿಕೊಂಡ ಮಾತು ಪ್ರವೇಶ ನಿರಾಕರಣೆಗೆ ಆಧಾರವಾಗಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಇನ್ನೂ ದೊಡ್ಡ ಅಡ್ಡಿ. ಇನ್‌ಸ್ಟಾಗ್ರಾಮ್ ಫೋಟೋಗಳು ಯಾರ ಕಣ್ಣಿಗೂ ಬೀಳಬಹುದು.

ನಮ್ಮ ಪಾಸ್‌ಪೋರ್ಟ್ ವಿಷಯದಲ್ಲೂ, ಭಾರತದ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಕೋರ್ಟಿನ ಅನುಮತಿ ಇಲ್ಲದೆ ನವೀಕರಣ ಸಿಗುವುದಿಲ್ಲ. ‘ಅಲ್ಪ ಪ್ರಮಾಣದ’ ಕೇಸೂ ಕೇಸೇ.

ಹೊರದೇಶದಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು?

ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟ ಹಕ್ಕು ಅದು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕದೆ ದುಭಾಷಿ ಕೇಳಿ. ‘ಇಲ್ಲೇ ಮುಗಿಸೋಣ’ ಎಂದು ದುಡ್ಡು ನೀಡಿದರೆ ಎರಡನೇ ಅಪರಾಧ ಸೇರುತ್ತದೆ. ಊರಲ್ಲಿರುವವರು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಪಾಸ್‌ಪೋರ್ಟ್ ನಂಬರು, ವಿಮಾನದ ವಿವರ, ಠಾಣೆಯ ಹೆಸರು ಕೊಡಿ. ರಾಯಭಾರ ಕಚೇರಿ ಬಂದು ನೋಡುತ್ತದೆ, ವಕೀಲರ ಪಟ್ಟಿ ಕೊಡುತ್ತದೆ, ಮನೆಗೆ ತಿಳಿಸುತ್ತದೆ; ಜೈಲಿನಿಂದ ಬಿಡಿಸಿ ತರುವ ಅಧಿಕಾರ ಅದಕ್ಕಿಲ್ಲ.

ನಮ್ಮ ಹೋಂಸ್ಟೇಗೆ ಬರುವ ವಿದೇಶಿಯರು ‘ನಮ್ಮ ದೇಶದಲ್ಲಿ ತಪ್ಪಲ್ಲ’ ಎನ್ನುತ್ತಾರೆ. ಏನು ಹೇಳಲಿ?

ನಮ್ಮವರು ಅಲ್ಲಿ ‘ಇಲ್ಲಿನ ಹಾಗೆ’ ಎನ್ನುತ್ತಾರೆ, ಅವರು ಇಲ್ಲಿ ‘ಅಲ್ಲಿನ ಹಾಗೆ’ ಎನ್ನುತ್ತಾರೆ. ಬೆಂಗಳೂರಿನ ಗುಂಪುಗಳದ್ದು ‘ತೋಟದೊಳಗೆ ಯಾರು ನೋಡುತ್ತಾರೆ’ ಎಂಬ ಮೂರನೇ ಪಾಠ. ಮನೆಯ ಯಜಮಾನರಿಗೆ ಗೊತ್ತಿರಬೇಕಾದ್ದು ಸೆಕ್ಷನ್ 25: ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವರಿಗೆ ಆ ಅಪರಾಧಕ್ಕಿರುವ ಶಿಕ್ಷೆಯೇ.

ಕೊಠಡಿ ಕೊಡುವಾಗಲೇ ನಿಯಮದ ಹಾಳೆಗೆ ಸಹಿ ಹಾಕಿಸಿಕೊಳ್ಳಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ವಾಸನೆ ಬಂದರೆ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗಿ ನಿಲ್ಲಿಸಲು ಹೇಳಿ. ಒಪ್ಪದಿದ್ದರೆ 112ಕ್ಕೆ ಕರೆ ಮಾಡಿ. ಪೊಟ್ಟಣವನ್ನು ಕಿತ್ತುಕೊಂಡು ನಿಮ್ಮ ಕಪಾಟಿನಲ್ಲಿ ಇಡಬೇಡಿ. ಇಟ್ಟ ಕ್ಷಣ ಅದು ನಿಮ್ಮ ವಶದಲ್ಲಿದ್ದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು, ಅತಿಥಿಗಳು ಜೀಪಿನ ಡ್ರೈವರಿಗೋ ಲೈನ್‌ಮನೆಯ (ತೋಟದ ಕೆಲಸಗಾರರ ಮನೆಯ) ಹುಡುಗನಿಗೋ ಐನೂರು ಕೊಟ್ಟು ‘ಸ್ಟಫ್ ತಂದುಕೊಡು’ ಎನ್ನುವುದು. ಅತಿಥಿಯದ್ದು ಸೇವನೆ, ಸೆಕ್ಷನ್ 27ರಡಿ 6 ತಿಂಗಳವರೆಗೆ. ತಂದುಕೊಟ್ಟವನದ್ದು ಮಾರಾಟದ ಕೇಸು. ನಿಮ್ಮ ಕೆಲಸದವರಿಗೆ ಇದನ್ನು ಮೊದಲೇ ಹೇಳಿಡಿ.

ಪ್ರವಾಸದಲ್ಲಿ ಶುರುವಾದದ್ದು ಊರಿಗೆ ಬಂದ ಮೇಲೂ ನಿಲ್ಲುತ್ತಿಲ್ಲ. ಸಹಾಯ ಕೇಳಿದರೆ ಕೇಸು ಹಾಕುತ್ತಾರಾ?

ಸಹಾಯ ಕೇಳಿದ್ದಕ್ಕೆ ಕೇಸಿಲ್ಲ. ಅಲ್ಪ ಪ್ರಮಾಣದ ಅಥವಾ ಸೇವನೆಯ ಕೇಸಿದ್ದರೂ, ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಕಡೆ ಪೂರ್ತಿ ಚಿಕಿತ್ಸೆ ಪಡೆದರೆ ಸೆಕ್ಷನ್ 64ಎ ವಿನಾಯಿತಿ ಕೊಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು. ಬಿಟ್ಟ ಮೊದಲ ವಾರ ನಿದ್ದೆ ಬಾರದಿರುವುದು, ಸಿಡುಕು, ಊಟ ಸೇರದಿರುವುದು ಸಹಜ. ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ. ವ್ಯಸನಮುಕ್ತಿಗೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎಷ್ಟು ಹೊತ್ತಿಗಾದರೂ ಎತ್ತುತ್ತಾರೆ.